ಹಿಂದಿನ ಗಾಲಿಯ ಮುಂದೆ ಅಪ್ಪ

ಶಿಗ್ಗಾವಿಯಿಂದ ಸವಣೂರಿನ ಕಾಲೇಜಿಗೆ ನಾನು ದಿನವೂ ಕಾರಿನಲ್ಲೇ ಹೋಗಿ ಬರುತ್ತೇನೆ. ಸೆಕೆಂಡ್ ಹ್ಯಾಂಡ್ ಕಾರು. ಅದರ ಹಿಂದಿನ ಗಾಲಿಗಳಿಂದ ಕರಕರ ಸದ್ದು ಬರತೊಡಗಿದಾಗ ಅಪ್ಪ ಕಟ್ಟೆಯ ಮೇಲೆ ಕೂತೇ ಹೇಳಿದ: "ಬ್ರೇಕ್ ಪ್ಯಾಡ್ ಸವದಾವು. ಗ್ಯಾರೇಜಿಗೆ ಯಾಕ ಒಯ್ತಿ? ಸಾಮಾನ ತಂದುಕೊಡು, ನಾನ ಹಾಕ್ತೇನಿ."

ಮೊದಲಾಗಿದ್ದರೆ ನಾನು ಎರಡನೆಯ ಮಾತು ಆಡುತ್ತಿರಲಿಲ್ಲ. ಅಪ್ಪ ಹಾನಗಲ್–ಹಿರೇಕೆರೂರು ದಾರಿಯಲ್ಲಿ ಬಸ್ಸು ಓಡಿಸುತ್ತಲೇ ನಿವೃತ್ತನಾದವನು. ಮನೆಯ ಗಾಡಿಗಳ ರಿಪೇರಿಯೆಲ್ಲ ಅವನದೇ. ಆದರೆ ಹಿಂದಿನ ತಿಂಗಳು ಹಾನಗಲ್ಲಿನ ಸೋದರತ್ತೆಯ ಮನೆಗೆಂದು ಕಾರು ತೆಗೆದುಕೊಂಡು ಹೊರಟವನು ತಡಸದಿಂದ ಫೋನ್ ಮಾಡಿದ್ದ. ಹೋಗಬೇಕಾದ ದಿಕ್ಕೇ ಬೇರೆ. "ಯವ್ವಾ, ಹಾನಗಲ್ಲಿಗೆ ಇಲ್ಲಿಂದ ಯಾವ ಕಡೆ ಹೊಳ್ಳಬೇಕು?" ಎಂದು ಕೇಳಿದ ದನಿಯಲ್ಲಿ, ಊರಿಗೆ ಹೊಸಬರು ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸುವಂಥ ಸಂಕೋಚವಿತ್ತು. ಸಂಜೆ ಮನೆಗೆ ಬಂದವನು ಮಾತಿನ ಭರದಲ್ಲಿ ತಿರುವು ತಪ್ಪಿತು ಎಂದ. ಕಾರಿನಲ್ಲಿ ಅವನೊಬ್ಬನೇ ಇದ್ದ. ಅವ್ವನೂ ನಾನೂ ಹೂಂ ಅಂದು ಸುಮ್ಮನಾದೆವು.

ಹೀಗಾಗಿ ಸಾಮಾನು ತಂದುಕೊಟ್ಟ ಭಾನುವಾರ ನಾನು ಅಂಗಳ ಬಿಟ್ಟು ಕದಲಲಿಲ್ಲ. ಹಿಂದಿನ ಬ್ರೇಕಿನ ಕೆಲಸಕ್ಕೆ ಹ್ಯಾಂಡ್ ಬ್ರೇಕ್ ಬಿಡಲೇಬೇಕು. ಬಿಟ್ಟರೆ ಗಾಡಿ ಉರುಳಿ ಜಾಕಿನಿಂದ ಜಾರಬಹುದು. ಅಪ್ಪ ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟ. ಅವನು ಆಚೆ ಹೋದೊಡನೆ ನಾನು ಬಗ್ಗಿ, ಕಲ್ಲು ಬಿಗಿಯಾಗಿವೆಯೇ ಎಂದು ಕದ್ದು ಒತ್ತಿ ನೋಡಿದೆ. ಅಡುಗೆಮನೆಯ ಕಿಟಕಿಯಲ್ಲಿ ಅವ್ವ ನಿಂತಿದ್ದಳು. ಅವಳ ಕೈಯಲ್ಲಿ ಕೆಲಸವೇನೂ ಇರಲಿಲ್ಲ.

ಎಡಗಾಲಿ ಸರಿಯಾಗಿ ಮುಗಿಯಿತು. ಬಲಗಾಲಿಯ ಹತ್ತಿರ ಅಪ್ಪ ಹೊಸ ಪ್ಯಾಡು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತ. ಪ್ಯಾಡಿನ ಒಂದು ಮಗ್ಗುಲಿಗೆ ಕಬ್ಬಿಣದ ತಗಡು, ಇನ್ನೊಂದು ಮಗ್ಗುಲಿಗೆ ಕರಿಯ ಪದರ. ಆ ಕರಿಯ ಮಗ್ಗುಲೇ ಗಾಲಿಯ ಡಿಸ್ಕನ್ನು ಹಿಡಿದು ಗಾಡಿ ನಿಲ್ಲಿಸುವುದು. ಅಪ್ಪ ಕಬ್ಬಿಣದ ಮಗ್ಗುಲನ್ನು ಡಿಸ್ಕಿನ ಕಡೆಗೆ ಮಾಡಿ ಕೂಡಿಸಹೋದ. ಕೂಡಲಿಲ್ಲ. ಅಂಗೈಯಿಂದ ಗುದ್ದಿದ. ಆಮೇಲೆ ಸುತ್ತಿಗೆ ತೆಗೆದುಕೊಂಡ.

ಹೇಳದಿದ್ದರೆ ಮರುದಿನ ಅದೇ ಬ್ರೇಕಿನ ಮೇಲೆ ಸವಣೂರಿನ ರಸ್ತೆಯಲ್ಲಿ ಹೋಗುವವಳು ನಾನು. ಹೇಳಿದರೆ ಮನೆಯಲ್ಲಿ ಯಾರೂ ಆಡದೆ ಇಟ್ಟ ಮಾತು ಹೊರಗೆ ಬೀಳುತ್ತದೆ.

"ಅಪ್ಪಾ," ಎಂದೆ. "ಅದು ತಿರುಗಾ ಮುರುಗಾ ಆಗೇತೇನು ನೋಡು."

ಅವನು ಸುತ್ತಿಗೆ ಕೆಳಗಿಟ್ಟ. ಪ್ಯಾಡನ್ನು ಹೊರಳಿಸಿ ಹೊರಳಿಸಿ ನೋಡಿದ. ಬಯ್ಯುತ್ತಾನೆ ಅಂದುಕೊಂಡೆ, ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಇದು ಯಾವ ಕಡೆ ಬರತೈತಿ ಅಂತ ನನಗ ತಿಳೀವಲ್ದು," ಎಂದ. "ಈಗಷ್ಟ ಆ ಕಡೆ ಹಾಕಿ ಬಂದೇನಿ. ತಡಸದಾಗೂ ಹಿಂಗ ಆಗಿತ್ತು. ಅಂಜಿಕಿ ಬರಾಕತ್ತೈತಿ ಯವ್ವಾ."

ಅಪ್ಪ ಅಂಜಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಪಕ್ಕದಲ್ಲಿ ಕೂತೆ. ಎಡಗಾಲಿಯಲ್ಲಿ ಕಂಡಿದ್ದನ್ನು ನೆನೆಯುತ್ತ ಪ್ಯಾಡು ಕೂಡಿಸಿದೆ. ಅವನು ಬೋಲ್ಟು ಬಿಗಿದ. ನಾನು ಮತ್ತೊಮ್ಮೆ ಬಿಗಿದೆ. ಈ ಸಲ ಕದ್ದಲ್ಲ.

ಗಾಲಿ ಹಾಕಿ, ಗಾಡಿ ಇಳಿಸಿ, ಸ್ಟಾರ್ಟ್ ಮಾಡುವ ಮೊದಲೇ ಬ್ರೇಕ್ ಒತ್ತಿದೆ. ಪೆಡಲು ಒಂದಿಷ್ಟೂ ತಡೆಯಿಲ್ಲದೆ ನೆಲ ಮುಟ್ಟಿತು.

"ಬ್ರೇಕ ಇಲ್ಲಲ್ಲೋ ಅಪ್ಪಾ!" ಎಂದು ಚೀರಿದೆ. ಕಿಟಕಿಯಿಂದ ಅವ್ವ ಮಾಯವಾಗಿ ಬಾಗಿಲಲ್ಲಿ ಕಾಣಿಸಿಕೊಂಡಳು.

"ಗಾಬರಿ ಆಗಬ್ಯಾಡ," ಎಂದ ಅಪ್ಪ. "ಹೊಸಾ ಪ್ಯಾಡ್ ಹಾಕಾಕ ಅದನ್ನ ಒತ್ತೋ ಪಿಸ್ಟನ್ ಹಿಂದ ಸರಿಸೇವಿ, ಅದಕ್ಕ ಹಂಗ ಹೋಗ್ತೈತಿ. ಒತ್ತಿ ಬಿಡು, ಒತ್ತಿ ಬಿಡು. ಗಟ್ಟಿ ಆಗೋತನಾ."

ಈ ಮಾತನ್ನು ಯಾವ ಅಪ್ಪ ಆಡುತ್ತಿದ್ದಾನೆ, ಬಸ್ಸು ಓಡಿಸಿದವನೋ ತಡಸದಲ್ಲಿ ದಾರಿ ಕೇಳಿದವನೋ, ನನಗೆ ಗೊತ್ತಾಗಲಿಲ್ಲ. ಒತ್ತುತ್ತ ಹೋದೆ. ಪೆಡಲು ನಿಧಾನಕ್ಕೆ ಪಾದಕ್ಕೆ ಎದುರು ನಿಂತಿತು.

"ಇಳಿಜಾರಿನಾಗ ಬಿಟ್ಟು ನೋಡು, ನಾ ಮುಂದ ನಿಂದರ್ತೇನಿ," ಎಂದ ಅಪ್ಪ.

"ಬ್ಯಾಡ್ರೀ," ಅವ್ವ ಅವನ ತೋಳು ಹಿಡಿದಳು. "ಇಲ್ಲೇ ನನ್ನ ಕೂಡ ನಿಂದರ್ರಿ."

ನಮ್ಮ ಓಣಿ ದೊಡ್ಡ ರಸ್ತೆಯ ಕಡೆಗೆ ಇಳಿಯುತ್ತದೆ. ಸ್ಟೇರಿಂಗ್ ಹಿಡಿದು, ನಡೆಯುವವರ ವೇಗದಲ್ಲಿ ಗಾಡಿ ಬಿಟ್ಟು, ಒತ್ತಿದೆ. ನಿಂತಿತು. ಮತ್ತೆ ಬಿಟ್ಟೆ, ಮತ್ತೆ ನಿಂತಿತು. ಕನ್ನಡಿಯಲ್ಲಿ ಅವರಿಬ್ಬರೂ ಗೇಟಿನ ಬಳಿ ಕಾಣುತ್ತಿದ್ದರು; ಅವ್ವ ಇನ್ನೂ ತೋಳು ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಕಾರನ್ನು ಗ್ಯಾರೇಜಿಗೆ ಒಯ್ದು ತೋರಿಸಿದೆ. ಕೆಲಸ ಸರಿಯಾಗಿದೆ ಎಂದರು. ಅಪ್ಪನಿಗೆ ಹೇಳಲಿಲ್ಲ. ಆ ವಾರವೇ ಅವನನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದೆವು. ಮರೆವಿನ ರೋಗ, ಈಗಷ್ಟೇ ಶುರು ಎಂದರು ಡಾಕ್ಟರು. ವಾಪಸು ಬರುವಾಗ ಹೈವೇಯಲ್ಲಿ ಮುಂದೆ ಲಾರಿ ಸಿಕ್ಕಾಗಲೆಲ್ಲ ನನ್ನ ಪಕ್ಕದಲ್ಲಿ ಕೂತ ಅಪ್ಪ ಬ್ರೇಕೇ ಇಲ್ಲದ ಬರಿಯ ನೆಲವನ್ನು ಬಲಗಾಲಿನಿಂದ ಒತ್ತಿ ಹಿಡಿಯುತ್ತಿದ್ದ. ಹಿಂದಿನ ಸೀಟಿನಲ್ಲಿ ಅವ್ವ ಔಷಧಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.