ಜ್ವರಕ್ಕೆ ಕೂತ ಹುಳು, ಅರ್ಧಕ್ಕೆ ನಿಂತ ಕಥೆ

“ಮೇಕೆಮರಿ ಕೊರಳ ಗಂಟೆ ಕಳ್ಕೊಂಬುಡ್ತು...” ಎಂದ ಒಂಬತ್ತು ವರ್ಷದ ಮಗಳು ಅಲ್ಲಿಗೇ ನಿಲ್ಲಿಸಿ, ತಲೆಯೆತ್ತಿ ಸೂರು ನೋಡುತ್ತ ಕೂತಳು. ಐದು ನಿಮಿಷದ ಹಿಂದಷ್ಟೇ ನಾನು ಓದಿ ಹೇಳಿ, ಈಗ ನೀನು ಹೇಳು ಎಂದಿದ್ದ ಕಥೆ ಅದು. ಕೂಟಗಲ್‌ನಲ್ಲಿ ನನ್ನ ಅತ್ತೆಯ ರೇಷ್ಮೆ ಹುಳುಮನೆಯಲ್ಲಿದ್ದೆವು. ಗಮನ ನಿಲ್ಲದ ಅವಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿರುವವಳು ನಾನು. ತಪ್ಪು ಮಾಡಿದೆನೇ ಎಂಬ ದಿಗಿಲಿನಲ್ಲಿ “ಆಮೇಲೆ? ಆಮೇಲೇನಾಯ್ತು?” ಎಂದು ನಾಲ್ಕು ಸಲ ಕೇಳಿದೆ. ಅವಳ ಕಣ್ಣು ತುಂಬಿತು.

ಅತ್ತೆ ಹುಳು ಸಾಕುವ ತಟ್ಟೆಯತ್ತ ಕೈ ತೋರಿಸಿದರು. ಪೊರೆ ಬಿಡಲಿರುವ ಹುಳುಗಳು ತಲೆಯೆತ್ತಿ, ಅಲುಗದೆ ಕೂತಿದ್ದವು. ಇದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ.

“ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತೀವೇನವ್ವ? ಎದ್ದ ಮ್ಯಾಲೆ ತಾನೆ ಹಾಕೋದು? ನೀನೂ ಒಸಿ ಸುಮ್ಕಿರು” ಎಂದರು ಅತ್ತೆ.

ಬಾಯಿ ಮುಚ್ಚಿದೆ. ಅತ್ತೆ ನೆಲ ಗುಡಿಸಿ ಮುಗಿಸುವಷ್ಟು ಹೊತ್ತಾಯಿತು.

“ಸದ್ದಿಲ್ದೆ ಬಂತಲ್ಲ, ಅದಕ್ಕೇ ಅದರಮ್ಮಂಗೆ ಗುರುತು ಸಿಗ್ನಿಲ್ಲ” ಎಂದಳು ಮಗಳು. ಕಥೆಯಲ್ಲಿದ್ದುದೂ ಅದೇ.

ಮರುದಿನ ಕಥೆ ಮತ್ತೆ ಅರ್ಧಕ್ಕೆ ನಿಂತಿತು. ಆ ಮೌನಕ್ಕೆ ನಾನು ಈಗಲೂ ಹೆದರುತ್ತೇನೆ. ಆದರೆ ‘ಆಮೇಲೆ’ ಎನ್ನುವುದನ್ನು ಬಿಟ್ಟು, ಪಕ್ಕದಲ್ಲೇ ಕೂತು ಕಾಯುತ್ತೇನೆ.