ದೋಣಿಗೆ ಸುರಿದ ಉಪ್ಪು

ಸೋಮಶೇಖರಪ್ಪ ಮೇಷ್ಟ್ರು ಆ ಊರಿನ ಶಾಲೆಗೆ ವರ್ಗವಾಗಿ ಬಂದದ್ದು ಎರಡು ಸಾವಿರದ ಎರಡನೆಯ ಇಸವಿಯಲ್ಲಿ. ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೋಗುವ ಬಸ್ಸು ಅವರನ್ನು ಕೆರೆಯ ಏರಿಯ ಮೇಲೆ ಇಳಿಸಿತು. ಕೆರೆಯಲ್ಲಿ ನೀರಿರಲಿಲ್ಲ. ಏರಿಯ ಒಳಮಗ್ಗುಲಲ್ಲಿ, ಎರಡು ಗಾಲಿಯ ಟ್ರೇಲರಿನ ಮೇಲೆ, ಕಬ್ಬಿಣದ ತಗಡಿನ ದೋಣಿಯೊಂದು ನಿಂತಿತ್ತು. ಅದರೊಳಗೆ ಮಂಡಿಯೂರಿದ್ದ ಒಬ್ಬಾತ ಏನನ್ನೋ ಕೆರೆದು ಹೊರಗೆಸೆಯುತ್ತ, ಯಾರೂ ಇಲ್ಲದ ಬಯಲಿಗೆ ಬೈಯುತ್ತಿದ್ದ. ಮೇಷ್ಟ್ರು ದಾರಿ ಕೇಳಲು ಹತ್ತಿರ ಹೋದರೆ, ಅವರ ಕೈಚೀಲ ಕಂಡದ್ದೇ ಆತನ ಮುಖ ಕೆಂಪಾಯಿತು.

“ನಿಮಗೂ ನರಹುಲಿ ಎದ್ದಾವೇನ್ರಿ? ಚೀಲ್ದಾಗೇನೈತೆ, ಉಪ್ಪಾ?”

ಚೀಲದಲ್ಲಿದ್ದದ್ದು ಎರಡು ಪಂಚೆ, ಒಂದು ಟವೆಲ್ಲು. ಕೋಪ ಇಳಿಯದೆಯೇ ಆತ ಶಾಲೆಯ ದಾರಿ ತೋರಿಸಿದ. ಆತನೇ ದೋಣಿಯ ಗಾದ್ರಪ್ಪ.

ಉಪ್ಪಿನ ಸಂಗತಿ ಮೇಷ್ಟ್ರಿಗೆ ಆಮೇಲೆ ತಿಳಿಯಿತು. ನರಹುಲಿ ಎದ್ದವರು ಗಂಗಮ್ಮನಿಗೆ ಹರಸಿಕೊಂಡು ಒಂದು ಹಿಡಿ ಉಪ್ಪನ್ನು ಕೆರೆಗೆ ಹಾಕುವುದು ಅಲ್ಲಿನ ರೂಢಿ. ಉಪ್ಪು ಕರಗಿದ ಹಾಗೆ ನರಹುಲಿಯೂ ಕರಗಬೇಕು. ಕೆರೆ ಬತ್ತಿದ ಮೇಲೆ ಜನರ ಕಣ್ಣು ದೋಣಿಯ ಮೇಲೆ ಬಿತ್ತು. ಗಂಗಮ್ಮನ ಮೈಮೇಲೆ ಓಡಾಡಿದ ದೋಣಿಯಲ್ಲವೇ ಎಂದು, ಅದರೊಳಕ್ಕೆ ಉಪ್ಪು ಹಾಕಿ, ಕರಗಲೆಂದು ಒಂದು ಚೊಂಬು ನೀರನ್ನೂ ಹೊಯ್ದು ಕೈಮುಗಿದು ಹೋಗುತ್ತಿದ್ದರು. ಆ ಉಪ್ಪುನೀರು ತಳದ ಮೂಲೆಗಳಲ್ಲಿ ನಿಂತು ತಗಡನ್ನು ತಿನ್ನುತ್ತಿತ್ತು. ಹೊರಗೆ ಚೆಲ್ಲಿದ್ದು ಟ್ರೇಲರಿನ ಅಚ್ಚಿಗೆ ತುಕ್ಕು ಹಿಡಿಸುತ್ತಿತ್ತು.

ಕೆರೆ ತುಂಬಿದ ವರ್ಷಗಳಲ್ಲಿ ಆಚೆ ದಡದ ಹಟ್ಟಿಯವರನ್ನು ದಾಟಿಸುತ್ತಿದ್ದವನು ಗಾದ್ರಪ್ಪನೇ. ತಳ ತೂತಾದರೆ ನಡುನೀರಿನಲ್ಲಿ ಮುಳುಗುವವರು ನೀವೇ ಎಂದು ಆತ ಹಿಟ್ಟಿನ ಗಿರಣಿಯ ಮುಂದೆ ನಿಂತು ಕೂಗಿ ಹೇಳಿದ. ನಮ್ಮೂರಿನದೇನು ಸಮುದ್ರವೇ ಎಂದು ಜನ ನಕ್ಕರು. ದೋಣಿಯ ತುಂಬ ಜಾಲಿಮುಳ್ಳು ಹೇರಿ ಬಂದರೆ, ಮುಳ್ಳಿನ ಸಂದಿಯಲ್ಲೇ ಉಪ್ಪು ಉದುರಿಸಿದರು.

ತೊಳೆಯೋಣವೆಂದರೆ ಕೊಳವೆಬಾವಿಯ ನೀರೂ ಸವಳು. ಸಿಹಿನೀರಿಗೆ ಇದ್ದದ್ದು ಒಂದೇ ಬಾವಿ. ಹೆಂಡತಿ ಲಕ್ಷ್ಮಕ್ಕ ಅಲ್ಲಿಂದ ಹೊತ್ತು ತಂದ ಕೊಡಗಳಲ್ಲಿ ದಿನವೂ ಒಂದು ದೋಣಿಗೆ ಹೋಗುತ್ತಿತ್ತು. ಬಾವಿಕಟ್ಟೆಯ ಹೆಂಗಸರು ಸುಮ್ಮನಿರುತ್ತಾರೆಯೇ?

“ದಿನಾ ನೀರು ಹೊಯ್ಯಾಕೆ ಮನೆಗೇನು ಅಳಿಯ ಬಂದವ್ನಾ ಲಕ್ಷ್ಮಕ್ಕ?”

ಅಂದು ಆಕೆ ಕೊಡವನ್ನು ಹೊಸಿಲ ಮೇಲೆ ಕುಕ್ಕಿ, ನಾಳೆಯಿಂದ ನೀರು ನೀನೇ ತಾ, ಇಲ್ಲವಾದರೆ ಆ ದೋಣಿಯನ್ನು ಬೋರಲು ಹಾಕು ಎಂದಳು.

ಬೋರಲು ಹಾಕುವುದು ಗಾದ್ರಪ್ಪನಿಗೆ ಹೊಳೆಯದ ಉಪಾಯವಲ್ಲ. ಆದರೆ ದೋಣಿ ಮಗುಚಿದರೆ ಕೆರೆ ಇನ್ನು ತುಂಬುವುದಿಲ್ಲವೆಂದು ತಾವೇ ಸಾರಿದ ಹಾಗೆ ಎಂಬುದು ಊರಿನ ನಂಬಿಕೆ, ಆತನದೂ ಅದೇ ನಂಬಿಕೆ. ಅದಕ್ಕೇ ಅಷ್ಟು ಕೋಪವನ್ನು ಬಯಲಿಗೆ ಬೈದು ಕಳೆಯುತ್ತಿದ್ದ.

ಒಂದು ಬೆಳಿಗ್ಗೆ ತಳದ ಮೂಲೆಯನ್ನು ಒತ್ತಿ ನೋಡಿದಾಗ ತಗಡು ಹಪ್ಪಳದಂತೆ ಮುರಿದು, ಹೆಬ್ಬೆರಳು ಆಚೆ ಹೊರಟಿತು. ಆತ ನೇರವಾಗಿ ಊರೊಳಗೆ ಹೋಗಿ, ದೋಣಿ ಮಗುಚಲು ಕೈಹಚ್ಚಿ ಎಂದು ಜನರನ್ನು ಕರೆದ. ಒಬ್ಬರೂ ಏಳಲಿಲ್ಲ. ಗಂಗಮ್ಮನ ಗುಡಿ ಗುಡಿಸುತ್ತಿದ್ದ ಮುದುಕಿ ದುರುಗಕ್ಕ ದೋಣಿಯ ಮುಂದೆ ಬಂದು ಕೂತಳು. ಶಾಲೆಗೆ ಹೊರಟಿದ್ದ ಮೇಷ್ಟ್ರೂ ಅಲ್ಲಿ ನಿಂತರು.

“ಗಾದ್ರೀ, ಅದನ್ನ ಬೋರಲಾಕಿದ್ರೆ ಕೆರೆ ತುಂಬಲ್ಲ ಕಣೋ,” ಎಂದಳು ದುರುಗಕ್ಕ.

“ನೆಟ್ಟಗೇ ಇಟ್ಟಿದ್ನಲ್ಲವ್ವ, ತುಂಬ್ತಾ? ಉಪ್ಪು ಬೇಕಾದ್ರೆ ಗಂಗವ್ವ ಬಂದು ತಗಳ್ಳಿ. ನನ್ನ ದೋಣಿ ತಿನ್ನೋದು ಬ್ಯಾಡ.”

ಮಾತು ಮಿತಿ ಮೀರಿತೆಂದು ಮೇಷ್ಟ್ರಿಗೆ ಅನ್ನಿಸಿತು. ಗಾದ್ರಪ್ಪನಿಗೂ ಅನ್ನಿಸಿರಬೇಕು, ಗುಡಿಯ ಕಡೆಗೊಮ್ಮೆ ತಿರುಗಿ ನೋಡಿದ. ಅಷ್ಟರಲ್ಲಿ ಲಕ್ಷ್ಮಕ್ಕ ಸೆರಗು ಸಿಕ್ಕಿಸಿ ಹಾರೆ ಹಿಡಿದು ನಿಂತಳು. ದುರುಗಕ್ಕ ಎದ್ದು ಶಾಪ ಹಾಕುತ್ತ ದೂರ ಸರಿದಳು. ಗಂಡ ಹೆಂಡತಿ ಇಬ್ಬರೇ ಜಾಕು ಕೊಟ್ಟು, ಹಾರೆ ಮೀಟಿ, ದೋಣಿಯನ್ನು ಟ್ರೇಲರಿನಿಂದ ಜಾರಿಸಿ ಮಗುಚಿದರು. ದಡ್ ಎಂದ ಸದ್ದಿಗೆ ಹೆಂಗಸರು ಕೆನ್ನೆ ಬಡಿದುಕೊಂಡರು.

ಆ ವರ್ಷ ಕೆರೆ ತುಂಬಲಿಲ್ಲ. ಮರುವರ್ಷವೂ ಇಲ್ಲ. ಊರು ಅವರಿಬ್ಬರೊಡನೆ ಮಾತು ಬಿಟ್ಟಿತು. ಗಾದ್ರಪ್ಪ ಯಾರನ್ನೂ ಕರೆದು ಮಾತನಾಡಿಸಲಿಲ್ಲ. ಚಳ್ಳಕೆರೆಯಿಂದ ವೆಲ್ಡಿಂಗಿನವರನ್ನು ಕರೆಸಿ ತೂತಿಗೆ ತೇಪೆ ಹಾಕಿಸಿದ. ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಕೆಂಪು ಬಣ್ಣ ಬಳಿದ. ಟ್ರೇಲರಿನ ಅಚ್ಚು ಬಿಚ್ಚಿ ಗ್ರೀಸು ತುಂಬಿದ. ಉಜ್ಜುವಾಗಲೂ ಬೈಗುಳ ನಿಲ್ಲುತ್ತಿರಲಿಲ್ಲ.

ಕೊನೆಗೊಂದು ವರ್ಷ ಹಿಂಗಾರು ಸುರಿದು ಕೆರೆ ಕೋಡಿ ಬಿತ್ತು. ನೆಟ್ಟಗಾದ ದೋಣಿ ಒಂದು ಹನಿಯೂ ಒಸರದೆ ತೇಲಿತು. ಆಚೆ ದಡದ ಹಟ್ಟಿಯಲ್ಲಿದ್ದ ತನ್ನ ಮಗಳನ್ನು ನೋಡಲೆಂದು ದೋಣಿಗೆ ಮೊದಲು ಬಂದವಳು ದುರುಗಕ್ಕ.

“ಸೆರಗು ಕೊಡವು,” ಎಂದ ಗಾದ್ರಪ್ಪ.

ಮುದುಕಿ ಗೊಣಗುತ್ತ ಸೆರಗಿನ ಗಂಟು ಬಿಚ್ಚಿದಳು. ನಾಲ್ಕು ಹರಳು ಉಪ್ಪು ಉದುರಿತು. ಆತ ನಗಲಿಲ್ಲ. ಅದನ್ನು ಅವಳ ಕೈಯಿಂದಲೇ ಕೆರೆಗೆ ಹಾಕಿಸಿ, ತೋಳು ಹಿಡಿದು ದೋಣಿಗೆ ಹತ್ತಿಸಿಕೊಂಡ.

ಮೇಷ್ಟ್ರು ನಿವೃತ್ತರಾದ ಮೇಲೂ ಆಗಾಗ ಆ ಬಸ್ಸಿನಲ್ಲಿ ಬಂದು ಏರಿಯ ಮೇಲೆ ಇಳಿಯುತ್ತಾರೆ. ಗಾದ್ರಪ್ಪನ ಕೂದಲು ನೆರೆತಿದೆ. ಸಿಟ್ಟು ಹಾಗೆಯೇ ಇದೆ. ಹತ್ತುವವರ ಸೆರಗು, ಜೇಬು ಇವತ್ತಿಗೂ ಕೊಡವಿಸುತ್ತಾನೆ. ಬೆಳಿಗ್ಗೆ ಹಗ್ಗ ಬಿಚ್ಚುವ ಮೊದಲು ತಳದ ಮೂಲೆಯಲ್ಲಿ ನಿಂತ ನೀರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ ನೋಡುತ್ತಾನೆ. ಸಪ್ಪೆಯಾಗಿದ್ದರೆ ಮಾತಿಲ್ಲದೆ ಹುಟ್ಟು ಎತ್ತಿಕೊಳ್ಳುತ್ತಾನೆ.