ಸಾಸಿವೆಯಷ್ಟು ಚಿನ್ನದ ಸದ್ದು

ಸತ್ಯಪ್ರಕಾಶ್ ಮೂವತ್ತೊಂದು ವರ್ಷ ಕೆನಡಾದ ಫ್ಯಾಕ್ಟರಿಯೊಂದರಲ್ಲಿ ಕಾರಿನ ಬಿಡಿಭಾಗ ಒತ್ತುವ ಯಂತ್ರಗಳ ನಡುವೆ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ಪಿಕರಿಂಗ್‌ನ ಗೆಳೆಯ ಯೋಗೇಶ ಇವರಲ್ಲಿ ಒಂದು ಆಸೆ ಹುಟ್ಟಿಸಿದರು. ಉತ್ತರ ಒಂಟಾರಿಯೋದ ಒಂದು ಹಳ್ಳದ ದಂಡೆಯಲ್ಲಿ ಚಿನ್ನ ಹುಡುಕಲು ಯೋಗೇಶರಿಗೆ ಪರವಾನಗಿ ಇತ್ತು. "ಸಮ್ಮರಲ್ಲಿ ಬಾರೋ. ಆದ್ರೆ ಮೆಟಲ್ ಡಿಟೆಕ್ಟರ್ ನೀನೇ ತಗೊಂಡು ಬಾ" ಎಂದಿದ್ದರು.

ಮಾರ್ಚಿನ ಒಂದು ಶನಿವಾರ ಸತ್ಯಪ್ರಕಾಶ್ ಹೆಂಡತಿ ವಾಸಂತಿಯವರ ಜೊತೆ ಡಿಟೆಕ್ಟರ್ ಮಾರುವ ಸ್ಟ್ರೀಟ್ಸ್‌ವಿಲ್‌ನ ಅಂಗಡಿಯೊಂದಕ್ಕೆ ಹೋದರು. ಅದನ್ನು ನಡೆಸುವ ನೀನಾ ಮಂಗಳೂರಿನವಳು. ಇವರಿಬ್ಬರ ಮಾತು ಕಿವಿಗೆ ಬಿದ್ದದ್ದೇ ಕನ್ನಡಕ್ಕೆ ಹೊರಳಿದಳು.

ಸತ್ಯಪ್ರಕಾಶ್ ಕಣ್ಣು ದೊಡ್ಡ ಸ್ಕ್ರೀನಿನ, ನೆಲದ ಮೇಲೆ ಆಡಿಸುವ ತಟ್ಟೆಯಂಥ ಕಾಯಿಲ್ ಅಗಲವಾಗಿದ್ದ ಮೆಷಿನ್ ಮೇಲಿತ್ತು. "ಇದು ತುಂಬಾ ಆಳದಲ್ಲಿರೋದನ್ನೂ ಹಿಡಿಯತ್ತೆ ಅಂತ ಯೂಟ್ಯೂಬಲ್ಲಿ ನೋಡಿದೀನಿ."

"ಅದು ಹಳೆ ನಾಣ್ಯಕ್ಕೆ ಒಳ್ಳೇದು ಅಂಕಲ್. ನಿಮ್ಗೆ ಸಾಸಿವೆಯಷ್ಟು ಚಿನ್ನ ಸಿಗ್ಬೇಕಲ್ವಾ? ಅದಕ್ಕೆ ಹೈ ಫ್ರೀಕ್ವೆನ್ಸಿ ಮೆಷಿನ್ ಬೇಕು, ಕಾಯಿಲ್ ಸಣ್ಣದಿರ್ಬೇಕು. ಸ್ಕ್ರೀನ್ ನಂಬ್ಲಿಕ್ಕಾಗುದಿಲ್ಲ, ಕಿವಿಯೇ ಬೇಕು. ಒಂದೇ ಸಮ ಗುಂಯ್ ಅಂತ ಇರ್ತದೆ. ಚಿನ್ನ ಉಂಟಾದ್ರೆ ಸ್ವರ ಚೂರೇ ಚೂರು ಏರ್ತದೆ."

ಆಕೆ ಮರಳಿನ ಟ್ರೇಯಲ್ಲಿ ಚಿನ್ನದ ಸಣ್ಣ ತುಣುಕೊಂದನ್ನು ಹುದುಗಿಸಿ, ಹಗುರವಾದ ಮೆಷಿನ್ನನ್ನೂ ಹೆಡ್‌ಫೋನನ್ನೂ ಕೊಟ್ಟಳು. ಸತ್ಯಪ್ರಕಾಶ್ ನಿಧಾನವಾಗಿ ಆಡಿಸಿದರು. ಸ್ವರ ಏರಲಿಲ್ಲ.

"ಇದೇನೋ ಸರಿಯಿಲ್ಲ ಅನ್ಸತ್ತಮ್ಮ."

ನೀನಾ ಹೆಡ್‌ಫೋನ್ ಕಳಚಿ ಸ್ಪೀಕರ್ ಹಾಕಿದಳು. ಅವರು ಮತ್ತೆ ಆಡಿಸಿದರು.

"ಬಂತಲ್ರೀ, ಕುಂಯ್ ಅಂತು" ಎಂದರು ಬಾಗಿಲ ಬಳಿ ನಿಂತಿದ್ದ ವಾಸಂತಿ.

ಮೂರು ಸಲ ಆಡಿಸಿದರೂ ಸತ್ಯಪ್ರಕಾಶರಿಗೆ ಕೇಳಿಸಿದ್ದು ಅದೇ ಗುಂಯ್. ಮನೆಯಲ್ಲಿ ಎಲ್ಲರೂ ಬಾಯೊಳಗೇ ಮಾತಾಡುತ್ತಾರೆಂದು ನಾಲ್ಕು ವರ್ಷದಿಂದ ರೇಗುತ್ತಿದ್ದ ಮನುಷ್ಯನ ಮುಖ ಸಣ್ಣಗಾಯಿತು.

"ಹಾಗಾದ್ರೆ ಆ ದೊಡ್ಡದೇ ಕೊಟ್ಬಿಡಮ್ಮ."

"ಇವತ್ತು ಎರಡೂ ಕೊಡುದಿಲ್ಲ" ಎಂದಳು ನೀನಾ. "ಮೊದಲು ಕಿವಿ ಟೆಸ್ಟ್ ಮಾಡಿಸಿ ಬನ್ನಿ. ನನ್ನ ಪಪ್ಪನಿಗೂ ಹೀಗೇ ಇತ್ತು. ಬೇಜಾರು ಮಾಡ್ತಾರೆ ಅಂತ ಯಾರೂ ಹೇಳ್ಲೇ ಇಲ್ಲ."

ಟೆಸ್ಟಿನಲ್ಲಿ ಗೊತ್ತಾಯಿತು: ಎರಡೂ ಕಿವಿಗೆ ಮೇಲಿನ ಶ್ರುತಿಯ ಸಣ್ಣ ಸ್ವರಗಳು ಕೇಳಿಸುತ್ತಿರಲಿಲ್ಲ. ಫ್ಯಾಕ್ಟರಿಯಲ್ಲಿ ಇಯರ್‌ಪ್ಲಗ್ಗನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದು ಸತ್ಯಪ್ರಕಾಶರಿಗೆ ನೆನಪಾಯಿತು.

ಮೇ ತಿಂಗಳಲ್ಲಿ ಹಿಯರಿಂಗ್ ಏಡ್ ಬಂತು. ಮಾರನೆಯ ಬೆಳಿಗ್ಗೆ ಕಾಫಿಗೆಂದು ಕಿಚನ್ನಿಗೆ ಬಂದವರು ಹೊಸ್ತಿಲಲ್ಲೇ ನಿಂತರು. ವಾಸಂತಿ ಬೆನ್ನು ತಿರುಗಿಸಿಕೊಂಡು, ತರಕಾರಿ ಹೆಚ್ಚುತ್ತ ಮೆಲ್ಲಗೆ ಹಾಡಿಕೊಳ್ಳುತ್ತಿದ್ದರು.

"ಯಾವಾಗಿಂದ ಮತ್ತೆ ಹಾಡ್ತಿದೀಯ?"

"ಬಿಟ್ಟಿದ್ದು ಯಾವಾಗ?" ಎಂದರು ವಾಸಂತಿ.

ಸತ್ಯಪ್ರಕಾಶ್ ಕುರ್ಚಿ ಎಳೆದು ಕೂತರು. ಕಾಫಿ ಆರಿತು.

ಮುಂದಿನ ವಾರ ನೀನಾಳ ಟ್ರೇಯ ಮೇಲೆ ಮೊದಲ ಸಲಕ್ಕೇ ಸ್ವರ ಏರಿದ್ದು ಕೇಳಿಸಿತು. ಸಣ್ಣ ಕಾಯಿಲಿನ ಮೆಷಿನ್ನೇ ಕೊಂಡರು. ಆಗಸ್ಟಿನಲ್ಲಿ ಹಳ್ಳದ ದಂಡೆಯಲ್ಲಿ ನಾಲ್ಕು ದಿನ ಹುಡುಕಿ, ತುಕ್ಕು ಹಿಡಿದ ಮೊಳೆ, ಡಬ್ಬಿಯ ಚೂರುಗಳ ಜೊತೆಗೆ ಒಂದೇ ಒಂದು ಕಾಳು ಚಿನ್ನ ತಂದರು.

ಅದನ್ನು ಪುಟ್ಟ ಸೀಸೆಯಲ್ಲಿ ಹಾಕಿ, ವಾಸಂತಿಯವರ ಜೊತೆ ಅಂಗಡಿಗೆ ಹೋಗಿ ನೀನಾಳ ಮುಂದಿಟ್ಟರು. "ಇದು ನಿಂಗೇ ಸೇರಬೇಕಾದ್ದು ಕಣಮ್ಮ. ನೀನು ಅವತ್ತು ಸುಮ್ನೆ ಮಾರಿದ್ರೆ ನಾನು ಇವಳ ಹಾಡು ಕೇಳದೇ ಹೋಗ್ತಿದ್ದೆ."

ನೀನಾ ಸೀಸೆಯನ್ನು ವಾಸಂತಿಯವರ ಕೈಗಿಟ್ಟಳು. ಅವರು ಕರಿದು ತಂದಿದ್ದ ಕೋಡುಬಳೆಯನ್ನು ಮಾತ್ರ ಬೇಡ ಎನ್ನಲಿಲ್ಲ.